ಅವಧಿ ಮುಗಿದ ಟೀ ಪುಡಿ ಬಳಸಬಹುದಾ? ನಿಮ್ಮ ಅನುಭವ ಹೇಳಿ

ಕೇಳಿದವರು, ತೀರ್ಥಹಳ್ಳಿ: ಅತ್ತೆ ಮನೆಯ ಅಟ್ಟ ಕ್ಲೀನ್ ಮಾಡುವಾಗ ಅರ್ಧ ಕೆಜಿ ಟೀ ಪುಡಿ ಸಿಕ್ಕಿತು. ಊಟಿಯಿಂದ ತಂದಿದ್ದು, ಪ್ಯಾಕೆಟ್ ಒಡೆದಿಲ್ಲ. ಬೆಸ್ಟ್ ಬಿಫೋರ್ ಮುಗಿದು ನಾಲ್ಕು ವರ್ಷ ಆಗಿದೆ. ಜೊತೆಗೆ ಅರ್ಧ ಖಾಲಿಯಾದ ಒಂದು ಡಬ್ಬಿಯೂ ಇದೆ, ಅದರದ್ದು ಯಾವ ಕಾಲದ ಪುಡಿಯೋ ಗೊತ್ತಿಲ್ಲ. ಎಸೆಯೋಕೆ ಅತ್ತೆಗೆ ಮನಸ್ಸಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದಾರೆ, ನನಗೆ ಭಯ. ಏನು ಮಾಡಲಿ?

ಸಾಗರದಿಂದ: ಅಕ್ಕಾ, ಮೊದಲು ಆ ತಾರೀಖಿನ ಭಯ ಬಿಡಿ. ಬೆಸ್ಟ್ ಬಿಫೋರ್ ಅಂದರೆ ರುಚಿ, ಪರಿಮಳ ಚೆನ್ನಾಗಿರೋ ಅವಧಿ, ಅಷ್ಟೇ. ಮರುದಿನ ಪುಡಿ ವಿಷವಾಗುತ್ತದೆ ಅಂತಲ್ಲ. ಫ್ಯಾಕ್ಟರಿಯಲ್ಲಿ ಟೀ ಎಲೆಯನ್ನು ಚೆನ್ನಾಗಿ ಒಣಗಿಸಿಯೇ ಕಳಿಸುತ್ತಾರೆ. ನೀರಿನಂಶ ಇಲ್ಲದಲ್ಲಿ ಬೂಷ್ಟು ಬೆಳೆಯಲ್ಲ.

ಆದರೆ ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ವಾ? ಉಪ್ಪು ನೀರಾಗುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಟೀ ಪುಡಿ ಅಂಥ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಮುಚ್ಚಳ ಸಡಿಲವಾಗಿದ್ದ ಡಬ್ಬಿಯಲ್ಲಿ ಹೀಗೇ ಆಗಿತ್ತು. ಮೇಲಿನ ಪುಡಿ ಚೆನ್ನಾಗೇ ಇತ್ತು. ಚಮಚ ಕೆಳಗೆ ಇಳಿಸಿದರೆ ಗಂಟು. ಆ ಗಂಟು ಒಡೆದಾಗ ಒಳಗೆ ಬಿಳಿ, ಜೇಡರ ಬಲೆಯಷ್ಟು ತೆಳ್ಳಗಿನ ಎಳೆ ಕಂಡಿತು. ಅಮ್ಮ "ಕುದಿಸಿದರೆ ಸರಿಹೋಗುತ್ತೆ" ಅಂದರು. ನಾನು ಬಿಡಲಿಲ್ಲ. ಕುದಿಸಿದರೆ ಬೂಷ್ಟು ಸಾಯಬಹುದು, ಆದರೆ ಕೆಲವು ಬೂಷ್ಟು ಬಿಡುವ ವಿಷ ಕುದಿಯುವ ನೀರಿನ 100 ಡಿಗ್ರಿಗೆಲ್ಲ ಹೋಗುವಂಥದ್ದಲ್ಲ. ಮೇಲಿನ ಪುಡಿ ತೆಗೆದಿಟ್ಟುಕೊಳ್ಳೋಣ ಅನ್ನೋದೂ ಬೇಡ. ಪೂರ್ತಿ ಎಸೆಯಬೇಕು.

ಹೀಗೆ ಮಾಡಿ. ಪುಡಿಯನ್ನು ಬಿಳಿ ಕಾಗದದ ಮೇಲೆ ಸುರಿದು ಬೆಳಕಿನಲ್ಲಿ ಹರಡಿ ನೋಡಿ. ಒಂದು ಚಿಟಿಕೆ ಬೆರಳಲ್ಲಿ ತಿಕ್ಕಿ. ಗರಿಗರಿಯಾಗಿ ಪುಡಿಯಾದರೆ ಸರಿ, ಮೆತ್ತಗೆ ಅಂಟಿದರೆ ತೇವ ಹಿಡಿದಿದೆ ಅಂತ. ಗಂಟು, ಎಳೆ, ಹುಳ, ಮುಗ್ಗಲು ವಾಸನೆ, ಇದರಲ್ಲಿ ಯಾವುದೇ ಒಂದು ಇದ್ದರೂ ಬೇಡ. ಬೂಷ್ಟು ಕಂಡ ಮೇಲೆ ಮೂಗಿನ ಹತ್ತಿರ ಹಿಡಿದು ಮೂಸಲೂಬೇಡಿ. ಯಾವುದೂ ಇಲ್ಲ ಅಂದರೆ ಧೈರ್ಯವಾಗಿ ಕುದಿಸಿ.

ಹುಬ್ಬಳ್ಳಿಯಿಂದ: ನಾನು ಎರಡು ವರ್ಷ ಹಳೆಯ ಗ್ರೀನ್ ಟೀ ಬ್ಯಾಗ್ ಕುಡಿದಿದ್ದೇನೆ. ಹೊಟ್ಟೆಗೆ ಏನೂ ಆಗಲಿಲ್ಲ. ಆದರೆ ಒಣಹುಲ್ಲು ನೆನೆಸಿದ ನೀರಿನ ಹಾಗಿತ್ತು! ಗ್ರೀನ್ ಟೀ ಬೇಗ ಸಪ್ಪೆಯಾಗುತ್ತದೆ, ಕಪ್ಪು ಪುಡಿ ಇನ್ನೂ ಸ್ವಲ್ಪ ತಡೆಯುತ್ತದೆ. ಇನ್ನೊಂದು, ಟೀ ಪುಡಿ ಪಕ್ಕದಲ್ಲಿರೋದರ ವಾಸನೆಯೆಲ್ಲ ಹೀರಿಕೊಳ್ಳುತ್ತದೆ. ನಮ್ಮನೆಯಲ್ಲಿ ಇಂಗಿನ ಡಬ್ಬಿ ಪಕ್ಕ ಇಟ್ಟು, ಒಂದು ವಾರ ಇಂಗಿನ ಚಹಾ ಕುಡಿದೆವು.

ಮೈಸೂರಿನಿಂದ: ಹಾಲಿನ ಪುಡಿ, ಸಕ್ಕರೆ ಸೇರಿಸಿದ ಇನ್‌ಸ್ಟಂಟ್ ಟೀ ಆದರೆ ಈ ಲೆಕ್ಕ ಹಿಡಿಯಬೇಡಿ. ಹಾಲಿನ ಪುಡಿಯಲ್ಲಿ ಕೊಬ್ಬು ಇರುತ್ತದೆ, ಹಳತಾದರೆ ಕಮಟು ಬರುತ್ತದೆ. ನಾನಂತೂ ಅವಧಿ ಮುಗಿದದ್ದನ್ನು ಇಟ್ಟುಕೊಳ್ಳಲ್ಲ.

ಬೆಂಗಳೂರಿನಿಂದ: ಚೀನಾದಲ್ಲಿ ಟೀ ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತಾರಲ್ಲ?

ಸಾಗರದಿಂದ: ಅದು ಯುನ್ನಾನ್ ಕಡೆಯ ಪು-ಅರ್ ಟೀ. ಬಿಲ್ಲೆ ಮಾಡಿ, ಎಚ್ಚರದಿಂದ ವರ್ಷಗಟ್ಟಲೆ ಮಾಗಿಸುತ್ತಾರೆ. ನಮ್ಮ ಸಿಟಿಸಿ ಪುಡಿ, ಅಂದರೆ ಯಂತ್ರದಲ್ಲಿ ಎಲೆ ಕತ್ತರಿಸಿ ಸಣ್ಣ ಕಾಳು ಮಾಡಿದ ಮಾಮೂಲಿ ಟೀ ಪುಡಿ, ಅಟ್ಟದಲ್ಲಿ ಕೂತರೆ ಹಾಗಾಗಲ್ಲ, ಸುಮ್ನೆ ಕಸುವು ಕಳೆದುಕೊಳ್ಳುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿದೆ. ಡಬ್ಬಿಯದ್ದು ಕಾಗದಕ್ಕೆ ಸುರಿಯುವಾಗಲೇ ಮುಗ್ಗಲು ಹೊಡೆಯಿತು. ಅತ್ತೆಯೇ "ಇದು ಬೇಡ ಮಾರಾಯ್ತಿ, ಎಸಿ" ಅಂದರು. ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಪ್ಯಾಕೆಟ್ಟಿನದು ಗರಿಗರಿಯಾಗಿದೆ, ಗಂಟಿಲ್ಲ. ಪರಿಮಳ ಕಡಿಮೆ. ಎರಡು ಲೋಟಕ್ಕೆ ಅರ್ಧ ಚಮಚ ಜಾಸ್ತಿ ಹಾಕಿ, ಶುಂಠಿ ಜಜ್ಜಿ ಹಾಕಿದೆ. ಮೊದಲು ನಾನು ಕುಡಿದೆ. ಮಧ್ಯಾಹ್ನ ಅತ್ತೆಗೂ ಮಾಡಿಕೊಟ್ಟೆ.