ಆಟಕ್ಕೂ ಲೆಕ್ಕಪತ್ರಕ್ಕೂ ಒಂದೇ ಹ್ಯಾಂಡ್‌ಹೆಲ್ಡ್: ಯಾವುದನ್ನು ಆರಿಸಬೇಕು?

ಶರಾವತಿ ದಡ (ಪ್ರಶ್ನೆ):

ನಮಸ್ಕಾರ. ವ್ಯಾಪಾರದ ನಿಮಿತ್ತ ಶಿವಮೊಗ್ಗ ಮತ್ತು ಬೆಂಗಳೂರಿನ ನಡುವೆ ರೈಲಿನಲ್ಲಿ ಆಗಾಗ ಓಡಾಡುವ ನನಗೆ 15 ಅಂಗುಲದ ಲ್ಯಾಪ್‌ಟಾಪನ್ನೂ ಅದರ ಇಟ್ಟಿಗೆಯಂಥ ಅಡಾಪ್ಟರನ್ನೂ ಹೊತ್ತು ತಿರುಗಿ ಸಾಕಾಗಿದೆ. ಜೇಬಿಗೆ ಅಲ್ಲದಿದ್ದರೂ ಹೆಗಲಚೀಲದ ಸಣ್ಣ ಖಾನೆಗಾದರೂ ಹಿಡಿಸುವ, ಕೈಯಲ್ಲೇ ಹಿಡಿದು ಬಳಸುವ ಒಂದು ಹ್ಯಾಂಡ್‌ಹೆಲ್ಡ್ ಪಿಸಿ ಕೊಂಡು, ಅದರಲ್ಲೇ ಆಟವನ್ನೂ ಕೆಲಸವನ್ನೂ ಸಾಗಿಸಬಹುದೇ ಎಂದು ಯೋಚಿಸುತ್ತಿದ್ದೇನೆ.

ಕೆಲಸವೆಂದರೆ ಟ್ಯಾಲಿಯಲ್ಲಿ ಅಡಿಕೆ ಮಂಡಿಯ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಪತ್ರಗಳನ್ನು ತೆರೆದು ತಿದ್ದುವುದು, ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ಅಪರೂಪಕ್ಕೊಂದು ವಿಡಿಯೊ ಕರೆ. ಆಟವೆಂದರೆ ಎಲ್ಡನ್ ರಿಂಗ್, ಸ್ಟಾರ್‌ಡ್ಯೂ ವ್ಯಾಲಿ, ಮತ್ತು ಭಾನುವಾರ ಗೆಳೆಯರ ಜೊತೆ ವ್ಯಾಲರಂಟ್. ಖರ್ಚಿನ ಮಿತಿ 90,000 ರೂಪಾಯಿ. ಸ್ಟೀಮ್ ಡೆಕ್ ಒಎಲ್‌ಇಡಿ, ಆರ್‌ಒಜಿ ಅಲೈ, ಲೀಜನ್ ಗೋ, ಜಿಪಿಡಿ ವಿನ್ ಮಿನಿ, ಇಷ್ಟನ್ನು ಗುರುತು ಹಾಕಿಕೊಂಡಿದ್ದೇನೆ. ಯೂಟ್ಯೂಬ್‌ನಲ್ಲಿ ಕಂಡ ವಿಮರ್ಶೆಗಳೆಲ್ಲ ಯಾವ ಆಟ ಸೆಕೆಂಡಿಗೆ ಎಷ್ಟು ಫ್ರೇಮ್‌ನಲ್ಲಿ ಓಡುತ್ತದೆ ಎಂಬಲ್ಲಿಗೆ ಮುಗಿಯುತ್ತವೆ. ಅದರಲ್ಲಿ ಒಂದು ಪುಟ ಕನ್ನಡ ಟೈಪ್ ಮಾಡಬೇಕಾದರೆ ಹೇಗಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಬಲ್ಲವರು ತಿಳಿಸಬೇಕು.

ಹಳೇ ಕೀಲಿಮಣೆ:

ಚಿಪ್ಪಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ನೀವು ಎಲ್ಲಿ ಕುಳಿತು ಟೈಪ್ ಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಈ ಯಂತ್ರಗಳಲ್ಲಿ ಎರಡು ಕುಲಗಳಿವೆ. ಡೆಕ್, ಅಲೈ, ಲೀಜನ್ ಗೋ ಇವು ಆಟಕ್ಕೆಂದೇ ಹುಟ್ಟಿದವು. ತೆರೆಯ ಎಡಬಲಕ್ಕೆ ಕಂಟ್ರೋಲರ್ ಇದೆ, ಕೀಲಿಮಣೆ ಇಲ್ಲ. ಶೆನ್‌ಜೆನ್‌ನ ಜಿಪಿಡಿ ಕಂಪನಿ 2016ರಲ್ಲಿ ಇಂಡಿಗೋಗೋ ಮೂಲಕ ಜನರಿಂದ ಹಣ ಕೂಡಿಸಿ ತಂದ ಮೊದಲ ವಿನ್ ಇನ್ನೊಂದು ಕುಲದ್ದು: 5.5 ಅಂಗುಲದ ತೆರೆ, ಇಂಟೆಲ್ ಆಟಮ್ ಚಿಪ್, 4 ಜಿಬಿ ರ‍್ಯಾಮ್, ಮತ್ತು ಮಡಿಸಿ ಮುಚ್ಚಬಹುದಾದ ದೇಹದಲ್ಲಿ ಪೂರ್ತಿ ಕೀಲಿಮಣೆ. ನೀವು ಹೆಸರಿಸಿದ ವಿನ್ ಮಿನಿ ಅದರದೇ ವಂಶದ್ದು. ಸುಮಾರು 168 ಮಿಲಿಮೀಟರ್ ಉದ್ದ, 109 ಅಗಲ, 520 ಗ್ರಾಂ ತೂಕದ ಅದು ದೊಡ್ಡ ಕೋಟಿನ ಜೇಬಿಗೆ ನಿಜವಾಗಿಯೂ ಇಳಿಯುತ್ತದೆ. ಆದರೆ 298 ಮಿಲಿಮೀಟರ್ ಉದ್ದದ ಡೆಕ್ಕನ್ನು ಜೇಬಿನ ಕಂಪ್ಯೂಟರ್ ಎಂದು ಕರೆಯಬೇಕಾದರೆ ಜೇಬನ್ನೇ ಬೇರೆ ಹೊಲಿಸಬೇಕು.

ಹಾಗಾದರೆ ಕೀಲಿಮಣೆ ಇರುವುದನ್ನೇ ಕೊಳ್ಳಿ ಎಂದು ಹೇಳಿಬಿಡಬಹುದಿತ್ತು, ಆದರೆ ಕನ್ನಡ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇಂಗ್ಲಿಷನ್ನು ಎರಡು ಹೆಬ್ಬೆರಳಿನಲ್ಲಿ ಟೈಪ್ ಮಾಡುವುದಕ್ಕೂ ಕೆ. ಪಿ. ರಾವ್ ವಿನ್ಯಾಸದಲ್ಲಿ ಕನ್ನಡವನ್ನು ಟೈಪ್ ಮಾಡುವುದಕ್ಕೂ ವ್ಯತ್ಯಾಸವಿದೆ. ಪ್ರತಿ ಒತ್ತಕ್ಷರಕ್ಕೂ ನಡುವೆ ಎಫ್ ಕೀಲಿ ಒತ್ತಬೇಕು, ಣ, ಳ ಮತ್ತು ಮಹಾಪ್ರಾಣಗಳಿಗೆ ಶಿಫ್ಟ್ ಹಿಡಿಯಬೇಕು. ಲಕ್ಷ್ಮಣ ಎಂಬ ಒಂದೇ ಹೆಸರಿಗೆ ಎರಡು ಸಲ ಎಫ್, ಒಂದು ಸಲ ಶಿಫ್ಟ್. ಮೇಜಿನ ಮೇಲಿನ ಕೀಲಿಮಣೆಯಲ್ಲಿ ಹತ್ತು ಬೆರಳಿಗೆ ಇದು ಗಮನಕ್ಕೇ ಬರುವುದಿಲ್ಲ. ವಿನ್ ಮಿನಿಯಂಥ ಗುಬ್ಬಚ್ಚಿ ಕೀಲಿಗಳಲ್ಲಿ ಶಿಫ್ಟ್ ಒತ್ತಿ ಹಿಡಿದ ಹೆಬ್ಬೆರಳು ಅಲ್ಲಿಯೇ ಸಿಕ್ಕಿಕೊಂಡು ಇನ್ನೊಂದು ಹೆಬ್ಬೆರಳು ಇಡೀ ಕೀಲಿಮಣೆಯನ್ನು ಸುತ್ತಬೇಕಾಗುತ್ತದೆ. ಎರಡು ಸಾಲಿನ ಸಂದೇಶಕ್ಕೆ ಅದು ಸಾಕು, ಒಂದು ಪುಟದ ಪತ್ರಕ್ಕೆ ಸಾಲದು. ಜಿಪಿಡಿಯಲ್ಲೇ ಬೆರಳೂರಿ ಟೈಪ್ ಮಾಡಬಹುದಾದದ್ದು 10.1 ಅಂಗುಲದ ವಿನ್ ಮ್ಯಾಕ್ಸ್ 2. ಅದು ಒಂದು ಕಿಲೋ ತೂಗುತ್ತದೆ, ಹಾಗಾಗಿ ಅದನ್ನು ಕಂಟ್ರೋಲರ್ ಅಂಟಿಸಿದ ಸಣ್ಣ ಲ್ಯಾಪ್‌ಟಾಪ್ ಎನ್ನುವುದೇ ಸರಿ.

ಇನ್ನು ಟ್ಯಾಲಿ. ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ, ನುಡಿಯೂ ಅಷ್ಟೆ. ಹಳೆಯ ನುಡಿ ಕಡತಗಳು ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ, ಫಾಂಟ್ ಹಾಕಿಕೊಂಡು ಎಲ್ಲಿ ಬೇಕಾದರೂ ಓದಬಹುದೇ ಹೊರತು, ಇದ್ದ ರೂಪದಲ್ಲೇ ತಿದ್ದುವುದಕ್ಕೆ ನುಡಿ ತಂತ್ರಾಂಶವಿದ್ದರೇ ಸಲೀಸು. ಡೆಕ್ಕಿನಲ್ಲಿ ಬರುವುದು ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್, ನಿಮ್ಮ ಪಟ್ಟಿಯ ಉಳಿದವುಗಳಲ್ಲಿ ವಿಂಡೋಸ್. ಆದ್ದರಿಂದ ನಿಮ್ಮ ಮಟ್ಟಿಗೆ ವಿಂಡೋಸ್ ಇರುವ ಯಂತ್ರವೇ ಆಗಬೇಕೆಂದು ನನ್ನ ಅಭಿಪ್ರಾಯ.

ಪ್ರೋಟಾನ್ ಪ್ರಿಯ:

ಮೇಲಿನವರ ಕೀಲಿಮಣೆಯ ಮಾತನ್ನು ಒಪ್ಪುತ್ತೇನೆ, ಆದರೆ ವಿಂಡೋಸ್ ಬೇಕೇ ಬೇಕು ಎಂದು ಅವರು ಮುಗಿಸಿಬಿಟ್ಟ ರೀತಿಯನ್ನು ಒಪ್ಪುವುದಿಲ್ಲ, ಏಕೆಂದರೆ ಪ್ರಯಾಣದಲ್ಲಿ ಬಳಸುವ ಯಂತ್ರಕ್ಕೆ ನಿದ್ರೆ ಮತ್ತು ಬ್ಯಾಟರಿ ಎಂಬ ಎರಡು ವಿಷಯಗಳು ಫ್ರೇಮ್ ಲೆಕ್ಕಕ್ಕಿಂತ ದೊಡ್ಡವು.

ಡೆಕ್‌ನಲ್ಲಿ ಆಟದ ನಡುವೆ ಪವರ್ ಗುಂಡಿ ಒತ್ತಿ ಚೀಲಕ್ಕೆ ಹಾಕಿದರೆ, ತಾಸುಗಳ ನಂತರ ತೆಗೆದಾಗಲೂ ಆಟ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ವಿಂಡೋಸ್ ಯಂತ್ರಗಳ ಈಗಿನ ಸ್ಟ್ಯಾಂಡ್‌ಬೈ ವ್ಯವಸ್ಥೆಯಲ್ಲಿ ಯಂತ್ರ ಪೂರ್ತಿ ಮಲಗುವುದಿಲ್ಲ. ಹಿನ್ನೆಲೆಯಲ್ಲಿ ಏನೋ ಅಪ್‌ಡೇಟ್ ಎದ್ದುಬಿಟ್ಟರೆ ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಇಳಿದಿರುತ್ತದೆ. ವಿಂಡೋಸ್ ಹ್ಯಾಂಡ್‌ಹೆಲ್ಡ್ ಕೊಂಡವರು ಮೊದಲ ದಿನವೇ ಪವರ್ ಗುಂಡಿಗೆ ಹೈಬರ್ನೇಟ್ (ತೆರೆದ ಕೆಲಸವನ್ನು ಉಳಿಸಿ ಯಂತ್ರವನ್ನು ಪೂರ್ತಿ ಆರಿಸುವುದು) ಹೊಂದಿಸಿಕೊಳ್ಳುವುದು ಇದಕ್ಕಾಗಿಯೇ.

ಬ್ಯಾಟರಿಯ ಲೆಕ್ಕವನ್ನು ಕಂಪನಿಯ ತಾಸುಗಳಲ್ಲಿ ನೋಡಬೇಡಿ, ವ್ಯಾಟ್-ಅವರ್‌ನಲ್ಲಿ ನೋಡಿ. ಮೊದಲ ಅಲೈಯಲ್ಲಿ 40 ವ್ಯಾಟ್-ಅವರ್, ಡೆಕ್ ಒಎಲ್‌ಇಡಿಯಲ್ಲಿ 50, ಲೀಜನ್ ಗೋದಲ್ಲಿ 49.2, ಅಲೈಯ ನಂತರದ ಮಾದರಿಯಾದ ಅಲೈ ಎಕ್ಸ್‌ನಲ್ಲಿ 80. ಚಿಪ್ಪಿಗೆ 25 ವ್ಯಾಟ್ ಕೊಟ್ಟು ಆಡಿದರೆ ತೆರೆ, ಮೆಮೊರಿ, ಫ್ಯಾನು ಎಲ್ಲ ಸೇರಿ ಯಂತ್ರ 35 ವ್ಯಾಟ್‌ನ ಆಸುಪಾಸು ಎಳೆಯುತ್ತದೆಂದು ಇಟ್ಟುಕೊಳ್ಳಿ: 40 ವ್ಯಾಟ್-ಅವರ್ ಒಂದು ತಾಸು ದಾಟುವಷ್ಟರಲ್ಲಿ ಖಾಲಿ, ರೈಲು ಇನ್ನೂ ಭದ್ರಾವತಿ ದಾಟಿ ಕಡೂರಿನ ಕಡೆ ಇರುತ್ತದೆ. ಡೆಕ್‌ನ ಚಿಪ್ 15 ವ್ಯಾಟ್‌ಗಿಂತ ಮೇಲೆ ಹೋಗುವುದೇ ಇಲ್ಲ, ತೆರೆಯೂ 1280×800 ಮಾತ್ರ. ಕಾಗದದ ಮೇಲೆ ಬಡವಾಗಿ ಕಾಣುವ ಈ ಮಿತಿಯೇ ಅದನ್ನು ಉಳಿಸುತ್ತದೆ. ಸ್ಟಾರ್‌ಡ್ಯೂ ವ್ಯಾಲಿಯಂಥ ಹಗುರ ಆಟವಾದರೆ ಅರ್ಧ ದಿನದ ಪ್ರಯಾಣಕ್ಕೂ ಚಾರ್ಜರ್ ಬೇಕಾಗದು.

ರೈಲಿನಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆಯಲ್ಲ ಎನ್ನುವುದಾದರೆ, ಬೆಂಕಿ ಅವಘಡಗಳ ಭಯದಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಅವುಗಳಿಗೆ ವಿದ್ಯುತ್ ನಿಲ್ಲಿಸುವ ಕ್ರಮವನ್ನು ರೈಲ್ವೆ 2021ರಲ್ಲಿ ಜಾರಿಗೆ ತಂದದ್ದನ್ನು ನೆನಪಿಡಿ. ಪವರ್ ಬ್ಯಾಂಕ್ ಕೊಳ್ಳುವಾಗಲೂ 20,000 ಎಂಎಎಚ್ ಎಂಬ ದೊಡ್ಡ ಅಂಕಿ ನೋಡಿ ಹಿಗ್ಗಬೇಡಿ, 3.7 ವೋಲ್ಟ್‌ನಲ್ಲಿ ಅದು 74 ವ್ಯಾಟ್-ಅವರ್, ಪರಿವರ್ತನೆಯ ನಷ್ಟ ಕಳೆದು ಯಂತ್ರಕ್ಕೆ ತಲುಪುವುದು ಇನ್ನೂ ಕಡಿಮೆ. ಜೊತೆಗೆ ಅದು 45 ಅಥವಾ 65 ವ್ಯಾಟ್ ಪಿಡಿ (ಯುಎಸ್‌ಬಿ-ಸಿ ಮೂಲಕ ವೇಗದ ಚಾರ್ಜಿಂಗ್) ಕೊಡುವಂಥದ್ದಾಗಿರಬೇಕು, ಇಲ್ಲದಿದ್ದರೆ ಆಡುತ್ತಿರುವಾಗ ಚಾರ್ಜ್ ಏರುವ ಬದಲು ಇಳಿಯುತ್ತಲೇ ಹೋಗುತ್ತದೆ.

ಕನ್ನಡದ ಮಟ್ಟಿಗೆ ಒಂದು ಸಮಾಧಾನದ ಸಂಗತಿ. ಸ್ಟೀಮ್‌ಓಎಸ್‌ನ ಡೆಸ್ಕ್‌ಟಾಪ್ ಎಂದರೆ ಆರ್ಚ್ ಲಿನಕ್ಸ್ ಮೇಲಿನ ಕೆಡಿಇ ಪ್ಲಾಸ್ಮಾ; ಅದರ ಕೀಲಿಮಣೆ ಸಂಯೋಜನೆಯಲ್ಲಿ ಕನ್ನಡದ ಕಗಪ ವಿನ್ಯಾಸ (ಮೇಲೆ ಹೇಳಿದ ಕೆ. ಪಿ. ರಾವ್ ವಿನ್ಯಾಸದ್ದೇ ರೂಪ) ಮೊದಲಿನಿಂದಲೇ ಸಿಗುತ್ತದೆ, ಹೊರಗಿನಿಂದ ಏನನ್ನೂ ಹಾಕಬೇಕಾಗಿಲ್ಲ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಎರಡೂ ಫ್ಲ್ಯಾಟ್‌ಪ್ಯಾಕ್ ಆಗಿ (ಲಿನಕ್ಸ್‌ನಲ್ಲಿ ಸುಲಭವಾಗಿ ಹಾಕಿಕೊಳ್ಳುವ ರೂಪದಲ್ಲಿ) ಬರುತ್ತವೆ. ಟ್ಯಾಲಿಯ ವಿಷಯದಲ್ಲಿ ಮಾತ್ರ ಮೇಲಿನವರೇ ಸರಿ: ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವ ಪ್ರೋಟಾನ್ ಇರುವುದು ಆಟಗಳಿಗಾಗಿ, ವ್ಯವಹಾರದ ಲೆಕ್ಕವನ್ನು ಅದರ ಮೇಲೆ ನೆಚ್ಚಿ ಕೂರುವುದು ಸಲ್ಲದು.

ವ್ಯಾಲರಂಟ್ ಅನ್ನು ಮಾತ್ರ ಮರೆತುಬಿಡಿ. ಅದರ ವ್ಯಾನ್‌ಗಾರ್ಡ್ ಮೋಸತಡೆ ವ್ಯವಸ್ಥೆ ಲಿನಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ ಯಂತ್ರ ಕೊಂಡರೂ ಪಿಸಿಯ ವ್ಯಾಲರಂಟ್‌ಗೆ ಕಂಟ್ರೋಲರ್ ಬೆಂಬಲವಿಲ್ಲ, ಮೌಸ್ ಮತ್ತು ಕೀಲಿಮಣೆ ಜೋಡಿಸಿಯೇ ಆಡಬೇಕು. ಅದೊಂದಕ್ಕಾಗಿ ಹ್ಯಾಂಡ್‌ಹೆಲ್ಡ್ ಆರಿಸುವುದರಲ್ಲಿ ಅರ್ಥವಿಲ್ಲ.

ಬಯಲುಸೀಮೆ:

ಒಂದು ಸಣ್ಣ ಮಾತು. ದಿನದ ಕೆಲಸದ ಅರ್ಧ ಭಾಗ ಈಗಾಗಲೇ ನಿಮ್ಮ ಫೋನಿನಲ್ಲಿ ನಡೆಯುತ್ತಿದೆ. ಹಣ ಪಾವತಿ, ವಾಟ್ಸ್‌ಆ್ಯಪ್, ಬ್ಯಾಂಕು ಇವನ್ನು ಯಾರೂ ವಿಂಡೋಸ್‌ನಲ್ಲಿ ಮಾಡಲು ಹೋಗುವುದಿಲ್ಲ. ವಿಡಿಯೊ ಕರೆಯನ್ನೂ ಫೋನಿಗೇ ಬಿಡಿ, ಏಕೆಂದರೆ ಡೆಕ್, ಅಲೈ, ಲೀಜನ್ ಗೋ ಮೂರರಲ್ಲಿಯೂ ಕ್ಯಾಮೆರಾವೇ ಇಲ್ಲ. ಹೀಗೆ ಕಳೆಯುತ್ತ ಹೋದರೆ ಕಂಪ್ಯೂಟರ್‌ಗೆ ಉಳಿಯುವುದು ಟ್ಯಾಲಿ ಮತ್ತು ಪತ್ರ ಮಾತ್ರ. ಆ ಎರಡನ್ನು ನೀವು ರೈಲಿನಲ್ಲೇ ಮಾಡಬೇಕೇ, ಇಳಿದ ಮೇಲೆ ಮಾಡಿದರೆ ಸಾಕೇ?

ಶರಾವತಿ ದಡ:

ಎಲ್ಲರಿಗೂ ಕೃತಜ್ಞತೆಗಳು. ಬಯಲುಸೀಮೆಯವರ ಪ್ರಶ್ನೆಗೆ ಉತ್ತರ: ರೈಲಿನಲ್ಲಿ ನಾನು ಲೆಕ್ಕವನ್ನು ನೋಡುತ್ತೇನೆ, ಬರೆಯುವುದಿಲ್ಲ. ಬರೆಯುವುದೆಲ್ಲ ಬೆಂಗಳೂರಿನಲ್ಲಿ ಅಣ್ಣನ ಮನೆಯ ಮೇಜಿನ ಮೇಲೆ. ಅಲ್ಲಿ 24 ಅಂಗುಲದ ಮಾನಿಟರ್, ಕೀಲಿಮಣೆ ಎರಡೂ ಇವೆ. ವ್ಯಾಲರಂಟನ್ನು ಅಲ್ಲಿಯೇ ಮೌಸ್ ಹಿಡಿದು ಆಡಬಹುದು. ಏಳು ಅಂಗುಲದ ತೆರೆಯಲ್ಲಿ ಟ್ಯಾಲಿಯ ಅಕ್ಷರ ಕಾಣುತ್ತದೆಯೇ ಎಂಬುದೊಂದೇ ಅನುಮಾನ. ಡೆಕ್ಕನ್ನು ವಿದೇಶದಿಂದ ಬರುವ ನಂಟರ ಕೈಯಲ್ಲಿ ತರಿಸುವ ಯೋಚನೆಯೂ ಇತ್ತು.

ಹಳೇ ಕೀಲಿಮಣೆ:

ಮೇಜು, ಮಾನಿಟರ್, ಕೀಲಿಮಣೆ ಅಲ್ಲಿಯೇ ಇದ್ದರೆ ಜಿಪಿಡಿಯ ಯೋಚನೆಯನ್ನು ಕೈಬಿಡಿ. ಅದು ಇಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಮತ್ತು ಅತಿ ಸಣ್ಣ ಗಾತ್ರದ ಕಂಪ್ಯೂಟರ್‌ಗಳ ಆಮದಿಗೆ ನಿರ್ಬಂಧ ಪ್ರಕಟಿಸಿದಾಗಲೂ ಅಂಚೆ ಅಥವಾ ಕೊರಿಯರ್‌ನಲ್ಲಿ ತರಿಸುವ ಒಂದು ಯಂತ್ರಕ್ಕೆ, ಸುಂಕ ಕಟ್ಟಿದರೆ, ವಿನಾಯಿತಿ ಇತ್ತು ನಿಜ. ಆದರೆ ತರಿಸಿದ ಮೇಲೆ ಹಿಂಜ್ ಸಡಿಲವಾದರೆ ಅದನ್ನು ಒಯ್ಯಲು ಊರಿನಲ್ಲಿ ಅಂಗಡಿ ಇಲ್ಲ. ನಂಟರು ತರುವ ಡೆಕ್‌ಗೂ ಇದೇ ತೊಡಕು, ಅದನ್ನು ತಯಾರಿಸುವ ವಾಲ್ವ್ ಕಂಪನಿ ಅದನ್ನು ಭಾರತದಲ್ಲಿ ಮಾರುವುದಿಲ್ಲ. ನೀವು ಟ್ಯಾಲಿಯನ್ನು ನಂಬಿ ವ್ಯಾಪಾರ ನಡೆಸುವವರು, ಆದ್ದರಿಂದ ಇಲ್ಲಿಯೇ ಬಿಲ್ಲು ಮತ್ತು ವಾರಂಟಿ ಸಿಗುವ ಯಂತ್ರ ಒಳ್ಳೆಯದು.

ಅಕ್ಷರದ ಅನುಮಾನಕ್ಕೆ ಹೀಗೆ ಲೆಕ್ಕ ಹಾಕಿ. 7 ಅಂಗುಲದಲ್ಲಿ 1920×1080 ಎಂದರೆ ಅಂಗುಲಕ್ಕೆ ಸುಮಾರು 315 ಚುಕ್ಕೆ. ವಿಂಡೋಸ್‌ನಲ್ಲಿ 150 ಪ್ರತಿಶತ ಹಿಗ್ಗಿಸಿದರೆ ಅಕ್ಷರ ಓದುವಂತಾಗುತ್ತದೆ, ಆದರೆ ತೆರೆಯಲ್ಲಿ ಹಿಡಿಸುವುದು 1280×720ರಷ್ಟೇ ಜಾಗ. ಲೆಡ್ಜರ್ ನೋಡಲು ಅದು ಸಾಕು, ನಾಲ್ಕು ಕಾಲಂ ಅಕ್ಕಪಕ್ಕ ಇಟ್ಟು ತಾಳೆ ನೋಡಲು ಸಾಲದು. ಲೀಜನ್ ಗೋದ 8.8 ಅಂಗುಲ ಇಲ್ಲಿ ನಿಜಕ್ಕೂ ಹಿತ, ಕಂಟ್ರೋಲರ್ ಕಳಚಿಟ್ಟರೆ ಟ್ಯಾಬ್ಲೆಟ್‌ನಂತೆ ನಿಲ್ಲಿಸಬಹುದು. ಆದರೆ ಎಲ್ಲ ಸೇರಿ 854 ಗ್ರಾಂ ತೂಗುವ ಅದನ್ನು ಮಲಗಿ ಆಡುವವರು ಮುಖದ ಮೇಲೆ ಬೀಳಿಸಿಕೊಳ್ಳದಂತೆ ಎಚ್ಚರ ವಹಿಸಬೇಕು.

ನನ್ನನ್ನು ಕೇಳಿದರೆ ಅಲೈ ಎಕ್ಸ್. 2024ರಲ್ಲಿ ಇಲ್ಲಿ ಬಂದಾಗ ಅದರ ಬೆಲೆ 89,990 ರೂಪಾಯಿ ಇತ್ತು. ಅದರಲ್ಲಿ ನಾನು ಬೆಲೆ ಕೊಡುವುದು ಚಿಪ್ಪಿಗಲ್ಲ, ಏಕೆಂದರೆ ಚಿಪ್ ಹಿಂದಿನ ಅಲೈಯದೇ. 80 ವ್ಯಾಟ್-ಅವರ್ ಬ್ಯಾಟರಿಗೆ, ಎರಡು ಯುಎಸ್‌ಬಿ-ಸಿ ಕಿಂಡಿಗಳಿಗೆ, ಮತ್ತು 24 ಜಿಬಿ ರ‍್ಯಾಮ್‌ಗೆ. ಈ ಯಂತ್ರಗಳಲ್ಲಿ ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲ, ಇರುವ ರ‍್ಯಾಮನ್ನೇ ಪಾಲು ಮಾಡಿಕೊಳ್ಳಬೇಕು. 16 ಜಿಬಿಯಲ್ಲಿ 4 ಜಿಬಿ ಗ್ರಾಫಿಕ್ಸ್‌ಗೆ ಹೋದರೆ ವಿಂಡೋಸ್, ಬ್ರೌಸರ್, ಆಟ ಎಲ್ಲಕ್ಕೂ ಉಳಿಯುವುದು 12. ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಮುಂದೆ ಹೆಚ್ಚಿಸಲಾಗದು. ಕಡತಗಳನ್ನು ಉಳಿಸುವ ಎಸ್‌ಎಸ್‌ಡಿಯನ್ನಾದರೆ ಬದಲಾಯಿಸಬಹುದು, ಅಲೈ ಎಕ್ಸ್‌ನಲ್ಲಂತೂ ಸಾಮಾನ್ಯ ಲ್ಯಾಪ್‌ಟಾಪಿನ 2280 ಅಳತೆಯದೇ ಕೂರುತ್ತದೆ. 2025ರ ಅಕ್ಟೋಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ ಅಲೈಯ ಸಾಮಾನ್ಯ ಮಾದರಿ ಅಗ್ಗವಾಗಿ ಕಂಡರೂ ಅದರ ರ‍್ಯಾಮ್ 16 ಜಿಬಿ, ಬ್ಯಾಟರಿ 60 ವ್ಯಾಟ್-ಅವರ್ ಎಂಬುದನ್ನು ಗಮನಿಸಿ.

ಪ್ರೋಟಾನ್ ಪ್ರಿಯ:

ಈ ಆಯ್ಕೆಗೆ ನನ್ನ ತಕರಾರಿಲ್ಲ. 2025ರ ಮೇ ತಿಂಗಳಲ್ಲಿ ಬಂದ ಸ್ಟೀಮ್‌ಓಎಸ್ 3.7 ಅಲೈಯಂಥ ಎಎಂಡಿ ಯಂತ್ರಗಳಿಗೂ ಬೆಂಬಲ ಹಿಗ್ಗಿಸಿದೆ. ವಿಂಡೋಸ್‌ನ ನಿದ್ರೆಯಿಂದ ನಿಮಗೆ ಬೇಸರ ಬಂದರೆ ಟ್ಯಾಲಿ ಇರುವ ಮೂಲ ಎಸ್‌ಎಸ್‌ಡಿಯನ್ನು ಕಳಚಿ ಹಾಗೆಯೇ ಎತ್ತಿಟ್ಟು, ಅದರ ಜಾಗದಲ್ಲಿ ಇನ್ನೊಂದು ಎಸ್‌ಎಸ್‌ಡಿ ಕೂರಿಸಿ ಸ್ಟೀಮ್‌ಓಎಸ್ ಹಾಕಿ ನೋಡಬಹುದು. ಅಣ್ಣನ ಮನೆಯ ಮಾನಿಟರ್, ಕೀಲಿಮಣೆಗಳನ್ನು ಯಂತ್ರಕ್ಕೆ ಜೋಡಿಸುವ ಡಾಕ್ ಕೊಳ್ಳುವಾಗ ಮಾತ್ರ ಅದು 65 ವ್ಯಾಟ್‌ಗಿಂತ ಕಡಿಮೆ ದಾಟಿಸುವಂಥದ್ದಾಗದಿರಲಿ, ಮತ್ತು ಎಚ್‌ಡಿಎಂಐ ಕಿಂಡಿ 60 ಹರ್ಟ್ಸ್ ಕೊಡುತ್ತದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ. ಅಗ್ಗದ ಎಷ್ಟೋ ಡಾಕ್‌ಗಳು 4ಕೆ ಎಂದು ದೊಡ್ಡದಾಗಿ ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ 30 ಹರ್ಟ್ಸ್ ಎಂದಿರುತ್ತವೆ.