ನಾಲ್ಕು ಪುಟದ ಕನ್ನಡ ಲ್ಯಾಬ್ ಜರ್ನಲ್: ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ, ಕಾಪಿ ಪುಟಕ್ಕೆ ಹಿಡಿಸುತ್ತಿಲ್ಲ

ಮೂರನೇ_ಸೆಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿ.ಎ. ಪತ್ರಿಕೋದ್ಯಮದ ಪ್ರಾಕ್ಟಿಕಲ್‌ಗಾಗಿ ನಮ್ಮ ತರಗತಿಯಿಂದ ಎ3 ಅಳತೆಯ ನಾಲ್ಕು ಪುಟದ ಕನ್ನಡ ಪತ್ರಿಕೆ ತರಬೇಕಿದೆ. 300 ಪ್ರತಿ, ಆಫ್‌ಸೆಟ್ ಮುದ್ರಣ. ಮೊದಲ ಮತ್ತು ಕೊನೆಯ ಪುಟ ಕಲರ್, ಒಳಗಿನ ಎರಡು ಕಪ್ಪು-ಬಿಳುಪು.

ಅರ್ಧ ಜನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕೊಟ್ಟಿದ್ದಾರೆ, ಉಳಿದವರು ಮೊಬೈಲ್‌ನಲ್ಲೇ ಟೈಪಿಸಿ ವಾಟ್ಸ್‌ಆ್ಯಪ್ ಮಾಡಿದ್ದಾರೆ. ಪುಟ ಕಟ್ಟುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ಗೆ ತಂದರೆ ಮೊದಲನೆಯದರಲ್ಲಿ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಎರಡನೆಯದರಲ್ಲಿ ಅಕ್ಷರ ಕನ್ನಡದ್ದೇ, ಆದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಒಟ್ಟು ಕಾಪಿ (ವರದಿಗಳ ಪಠ್ಯ) ಸುಮಾರು 5000 ಪದ ಇದೆ, ನಾಲ್ಕು ಪುಟಕ್ಕೆ ಹಿಡಿಸುವಂತೆ ಕಾಣುತ್ತಿಲ್ಲ. ಫೋಟೊಗಳೂ ವಾಟ್ಸ್‌ಆ್ಯಪ್‌ನಲ್ಲೇ ಬಂದಿವೆ. ಮುಖಪುಟದ ಒಂದು ವರದಿ ಶಾಲಾ ಬಾಲಕಿಯೊಬ್ಬಳ ಪೋಕ್ಸೊ ಪ್ರಕರಣದ ಬಗ್ಗೆ ಇದೆ, ಹೆಸರು ಹಾಕಿಲ್ಲ. ಅಷ್ಟು ಸಾಕೇ? ಪ್ರೆಸ್‌ಗೆ ಏನು, ಹೇಗೆ ಕೊಡಬೇಕು ಎಂಬುದನ್ನೂ ತಿಳಿದವರು ಹೇಳಿ.

ಅಚ್ಚುಮೊಳೆ:

ಇಲ್ಲಿ ಎರಡು ತೊಂದರೆ ಬೆರೆತಿವೆ. ಅವುಗಳ ಕಾರಣ ಬೇರೆ, ಪರಿಹಾರವೂ ಬೇರೆ.

ಚಿಹ್ನೆಗಳ ಗೋಜಲು ಬರುವುದು ನುಡಿಯ ಹಳೆಯ ಫಾಂಟ್ ಬಳಸಿದ ಫೈಲುಗಳಲ್ಲಿ. ಅವುಗಳ ಒಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಬರೆದಿಟ್ಟ ಫಾಂಟ್ ಅದು, ಫಾಂಟ್ ಬದಲಾದ ಕೂಡಲೇ ಮೂಲ ಚಿಹ್ನೆ ಹೊರಬೀಳುತ್ತದೆ. ಅನುಮಾನವಿದ್ದರೆ ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ: ಕನ್ನಡವಾಗಿ ಓದಲು ಬಂದರೆ ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ), ಇಲ್ಲದಿದ್ದರೆ ಹಳೆಯ ಎನ್‌ಕೋಡಿಂಗ್. ಅಂಥ ಫೈಲುಗಳನ್ನು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ಬದಲಿಸಿಯೇ ಪುಟಕ್ಕೆ ತರಬೇಕು. ಪುಟಕ್ಕೆ ತಂದ ಮೇಲೆ ಬದಲಿಸುತ್ತೇವೆ ಎಂದುಕೊಂಡರೆ ಕೆಲಸ ಎರಡು ಪಟ್ಟಾಗುತ್ತದೆ.

ಕನ್ವರ್ಟರ್ ದಾಟಿದ ಕಾಪಿಯನ್ನು ಹಾಗೇ ನಂಬಬೇಡಿ. ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಅವೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ಯಾಕೆಂದರೆ ಯಾವ ಪದಕ್ಕೆ ಯಾವ ಫಾಂಟ್ ಇತ್ತು ಎಂಬುದು ಕನ್ವರ್ಟರ್‌ಗೆ ತಿಳಿಯುವುದಿಲ್ಲ. ಅಂಥ ಪದಗಳನ್ನು ಮೊದಲೇ ಗುರುತು ಹಾಕಿಟ್ಟುಕೊಂಡು ಆಮೇಲೆ ಕೈಯಿಂದ ತಿದ್ದಿ. ಒತ್ತಾಗಬಾರದ ಕಡೆ ಒತ್ತಾಗುವುದು ಇನ್ನೊಂದು ದೋಷ: ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’, ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗಿರುತ್ತದೆ. ಇನ್‌ಡಿಸೈನ್‌ನಲ್ಲಿ ಟೈಪ್ ಮೆನುವಿನ ಇನ್ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್, ಅದರಲ್ಲಿ ಅದರ್, ಅಲ್ಲಿ ನಾನ್-ಜಾಯ್ನರ್ (ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ) ಹಾಕಿದರೆ ಅಕ್ಷರ ಬಿಡಿಸಿಕೊಳ್ಳುತ್ತದೆ. ‘ರ‍್ಯಾಲಿ’, ‘ರ‍್ಯಾಂಕ್’ ಪದಗಳಲ್ಲಿ ‘ರ’ ಮಾಯವಾಗಿ ‘ಯಾ’ ಪಕ್ಕಕ್ಕೆ ಅರ್ಕಾವತ್ತು ಬಂದಿರುತ್ತದೆ. ಅಲ್ಲಿ ಬೇಕಾಗಿರುವುದು ಜಾಯ್ನರ್ (ಕಾಣದ ಜೋಡಿಸುವ ಚಿಹ್ನೆ), ‘ರ’ ಆದ ಕೂಡಲೇ, ಸ್ವರ ತೆಗೆಯುವ ಅರ್ಧಚಂದ್ರಕ್ಕಿಂತ ಮುಂಚೆ. ಕಾಲೇಜು ಪತ್ರಿಕೆಯ ಶೀರ್ಷಿಕೆಗಳಲ್ಲಿ ಈ ಎರಡು ಪದ ಬಂದೇ ಬರುತ್ತವೆ, ಹುಡುಕಿ ನೋಡಿ.

ಮೊಬೈಲ್ ಕಾಪಿಯ ದೋಷ ಇನ್ನೊಂದು ಬಗೆಯದು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿರುತ್ತಾರೆ. ‘ಬಂದರು’ ಮತ್ತು ‘ಬ೦ದರು’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಸಾಲು ತಪ್ಪಾದ ಕಡೆ ಮುರಿಯಬಹುದು, ಹುಡುಕಿದರೆ ಪದ ಸಿಗುವುದಿಲ್ಲ. ಅಂಕಿಗಳನ್ನೆಲ್ಲ 0-9ರಲ್ಲೇ ಬರೆಯುವ ನಿಯಮ ಮಾಡಿಕೊಂಡರೆ ‘೦’ ಸಿಕ್ಕಲ್ಲೆಲ್ಲ ‘ಂ’ ಎಂದು ಒಂದೇ ಸಲಕ್ಕೆ ಬದಲಿಸಬಹುದು.

ಈಗ ಒತ್ತು ಪಕ್ಕಕ್ಕೆ ಸರಿಯುವ ವಿಷಯ. ಇದರಲ್ಲಿ ಕಾಪಿಯ ದೋಷವಿಲ್ಲ. ಇನ್‌ಡಿಸೈನ್ ಮೊದಲೇ ಆರಿಸಿಟ್ಟುಕೊಳ್ಳುವ, ಅಕ್ಷರ ಮತ್ತು ಸಾಲು ಕೂರಿಸುವ ಕಂಪೋಸರ್‌ಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಇದು ಪ್ರತಿ ಪ್ಯಾರಾಕ್ಕೂ ಬೇರೆ ಬೇರೆಯಾಗಿ ಅಂಟುವ ಗುಣವಾದ್ದರಿಂದ ಒಂದೊಂದನ್ನೇ ಬದಲಿಸುತ್ತಾ ಕೂರಬೇಡಿ. ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಷನ್ ವಿಭಾಗದಲ್ಲಿ ಕಂಪೋಸರ್ ಆಯ್ಕೆ ಇದೆ, ಬಾಡಿ (ಸುದ್ದಿಯ ಮುಖ್ಯ ಪಠ್ಯ), ಶೀರ್ಷಿಕೆ, ಫೋಟೊ ಅಡಿಬರಹ ಎಲ್ಲಕ್ಕೂ ಅಲ್ಲೇ ಹಾಕಿ. ಯಾವ ಫೈಲೂ ತೆರೆಯದೆ ಇರುವಾಗ ಬದಲಿಸಿದರೆ ಮುಂದಿನ ಹೊಸ ಫೈಲುಗಳಿಗೆಲ್ಲ ಅದೇ ನಿಲ್ಲುತ್ತದೆ. ವರ್ಡ್ ಫೈಲನ್ನು ಪ್ಲೇಸ್ ಮಾಡುವಾಗ ‘ಶೋ ಇಂಪೋರ್ಟ್ ಆಪ್ಷನ್ಸ್’ಗೆ ಟಿಕ್ ಹಾಕಿ, ಬರುವ ಕಿಟಕಿಯಲ್ಲಿ ಸ್ಟೈಲುಗಳನ್ನು ತೆಗೆದುಹಾಕುವ ಆಯ್ಕೆ ಒತ್ತಿ. ಇಲ್ಲದಿದ್ದರೆ ಹತ್ತು ಜನರ ಹತ್ತು ಫಾಂಟ್ ಒಳಗೆ ಬರುತ್ತವೆ.

ಬಾಡಿಗೆ ನೋಟೊ ಸೆರಿಫ್ ಕನ್ನಡ ಅಥವಾ ಟೈರೊ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ ಅಥವಾ ಅನೇಕ್ ಕನ್ನಡ ಚೆನ್ನಾಗಿ ಕೂರುತ್ತವೆ. ಎಲ್ಲವೂ ಉಚಿತ. ಪತ್ರಿಕೆಗೆ ಎರಡು ಫಾಂಟ್ ಸಾಕು.

ಡೆಸ್ಕ್_ಪಾಳಿ:

ನಿಮ್ಮ 5000 ಪದ ಖಂಡಿತ ಹಿಡಿಸದು. ಲೆಕ್ಕ ಹೀಗಿದೆ. ಎ3 ಪುಟ 297 × 420 ಮಿ.ಮೀ. ನಾಲ್ಕೂ ಕಡೆ 12 ಮಿ.ಮೀ. ಅಂಚು ಬಿಟ್ಟರೆ 273 × 396 ಉಳಿಯುತ್ತದೆ. ನಾಲ್ಕು ಕಾಲಂ, ನಡುವೆ 5 ಮಿ.ಮೀ. ಬಿಟ್ಟರೆ ಒಂದು ಕಾಲಂ 64.5 ಮಿ.ಮೀ. ಬಾಡಿ 10.5 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) 14 ಪಾಯಿಂಟ್ ಇಟ್ಟರೆ ಕಾಲಂಗೆ 80 ಸಾಲು. ಸಾಲಿಗೆ ಸರಾಸರಿ ನಾಲ್ಕು ಕನ್ನಡ ಪದ. ಅಲ್ಲಿಗೆ ಬರೀ ಅಕ್ಷರ ತುಂಬಿದರೂ ಪುಟಕ್ಕೆ 1280 ಪದ. ಶೀರ್ಷಿಕೆ, ಫೋಟೊ, ಬಿಳಿ ಜಾಗಕ್ಕೆ ಶೇ 40 ಕಳೆಯಿರಿ, ಹತ್ತಿರ ಹತ್ತಿರ 750 ಆಯಿತು. ಮುಖಪುಟದಲ್ಲಿ ಮಾಸ್ಟ್‌ಹೆಡ್ (ಪತ್ರಿಕೆಯ ಹೆಸರಿನ ಪಟ್ಟಿ) ಇನ್ನಷ್ಟು ಜಾಗ ತಿನ್ನುತ್ತದೆ. ನಾಲ್ಕು ಪುಟಕ್ಕೆ ಸೇರಿ 2800 ಪದ ಎಂದಿಟ್ಟುಕೊಳ್ಳಿ.

ಐದು ಕಾಲಂ ಮಾಡುವ ಆಸೆ ಬೇಡ. ಕಾಲಂ 50 ಮಿ.ಮೀ.ಗೆ ಇಳಿಯುತ್ತದೆ. ‘ವಿಶ್ವವಿದ್ಯಾಲಯಗಳಲ್ಲಿ’, ‘ಮಾಡಬೇಕಾಗಿರುವುದರಿಂದ’ ತರಹದ ಪದ ಬಂದಾಗ ಎರಡೂ ಅಂಚಿಗೆ ಸಮವಾಗಿ ಜಸ್ಟಿಫೈ ಮಾಡಿದ ಸಾಲಿನಲ್ಲಿ ಎರಡೇ ಪದ ಉಳಿದು ನಡುವೆ ದೊಡ್ಡ ಕಂದಕ ಬೀಳುತ್ತದೆ. ನಾಲ್ಕು ಕಾಲಂನಲ್ಲೂ ಇದು ಅಲ್ಲಲ್ಲಿ ಆಗುತ್ತದೆ, ಆಗ ವಾಕ್ಯವನ್ನೇ ತಿದ್ದಿ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿ ತುಂಬಿಸಿದರೆ ಕನ್ನಡದಲ್ಲಿ ಒಂದು ಪದ ಎರಡಾಗಿ ಓದಿಸಿಕೊಳ್ಳುತ್ತದೆ.

ಲೀಡಿಂಗ್ ಕಡಿಮೆ ಮಾಡಿ ಕಾಪಿ ತುರುಕುವುದೂ ಬೇಡ. ಇಂಗ್ಲಿಷ್‌ಗೆ 10.5ಕ್ಕೆ 12.5 ಸಾಕಾಗಬಹುದು. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇದು ಎದ್ದು ಕಾಣುವುದು ಎರಡು ಸಾಲಿನ ಶೀರ್ಷಿಕೆಗಳಲ್ಲಿ: 36 ಪಾಯಿಂಟ್‌ಗೆ ಕನಿಷ್ಠ 44 ಲೀಡಿಂಗ್ ಕೊಡಿ.

ನನ್ನ ಮಟ್ಟಿಗೆ ಲ್ಯಾಬ್ ಜರ್ನಲ್ ಕೆಡುವುದು ಸಾಫ್ಟ್‌ವೇರ್‌ನಿಂದಲ್ಲ, ಕಾಪಿ ಅಂತಿಮವಾಗುವ ಮೊದಲೇ ಪುಟ ಕಟ್ಟಲು ಕೂರುವುದರಿಂದ. ಒಂದು ಪ್ಯಾರಾ ಸೇರಿಸಿದರೆ ಪಕ್ಕದ ಮೂರು ಸುದ್ದಿ ಜರುಗುತ್ತವೆ, ಜರುಗಿಸುವ ಗಡಿಬಿಡಿಯಲ್ಲಿ ಕೊನೆಯ ಸಾಲು ಬಾಕ್ಸ್‌ನ ಹೊರಗೆ ಉಳಿದುಬಿಡುತ್ತದೆ. ಬಾಕ್ಸ್‌ನ ಮೂಲೆಯಲ್ಲಿ ಕೆಂಪು ಕೂಡಿಸು ಚಿಹ್ನೆ ಕಂಡರೆ ಒಳಗೆ ಕಾಣದ ಅಕ್ಷರ ಇದೆ ಎಂದರ್ಥ. ಹಾಗಾಗಿ ಮೊದಲು ಎ3 ಹಾಳೆಯ ಮೇಲೆ ಪೆನ್ಸಿಲ್‌ನಿಂದ ಡಮ್ಮಿ, ಅಂದರೆ ಪುಟದ ಕಚ್ಚಾ ನಕ್ಷೆ ಎಳೆಯಿರಿ: ಲೀಡ್ (ಪುಟದ ಮುಖ್ಯ ಸುದ್ದಿ) ಎಲ್ಲಿ, ಆಂಕರ್ (ಪುಟದ ಬುಡದ ವಿಶೇಷ ವರದಿ) ಎಲ್ಲಿ, ಫೋಟೊ ಎಷ್ಟು ಕಾಲಂ. ಆಮೇಲೆ ಪ್ರತಿ ವರದಿಗೆ ಪದಮಿತಿ ಕೊಡಿ, ಲೀಡ್‌ಗೆ 350, ಎರಡನೇ ದರ್ಜೆಯ ಸುದ್ದಿಗೆ 180, ಸಣ್ಣವಕ್ಕೆ 60. ವರದಿ ಒಪ್ಪಿಸುವ ದಿನ, ಎಡಿಟ್ ಮುಗಿಯುವ ದಿನ, ಪುಟ ಕಟ್ಟುವ ದಿನ ಬೇರೆ ಬೇರೆ ಇರಲಿ. ಎಡಿಟ್ ಮುಗಿದ ಫೈಲಿನ ಹೆಸರಿನ ಕೊನೆಗೆ ‘ಅಂತಿಮ’ ಎಂದು ಸೇರಿಸಿ ಬೇರೆ ಫೋಲ್ಡರಿಗೆ ಹಾಕಿ, ಪುಟಕ್ಕೆ ಆ ಫೋಲ್ಡರಿನಿಂದ ಮಾತ್ರ ತೆಗೆದುಕೊಳ್ಳಿ.

ಎಡಿಟ್ ಮಾಡುವಾಗ ಮೊದಲ ಪ್ಯಾರಾ ನೋಡಿ. ಕಾರ್ಯಕ್ರಮದ ವರದಿಗಳೆಲ್ಲ ‘ದೀಪ ಬೆಳಗಿಸುವ ಮೂಲಕ ಉದ್ಘಾಟಿಸಿದರು’ ಎಂದು ಶುರುವಾಗಿರುತ್ತವೆ. ಅತಿಥಿ ಹೇಳಿದ ಹೊಸ ಮಾತು ನಾಲ್ಕನೇ ಪ್ಯಾರಾದಲ್ಲಿ ಹೂತಿರುತ್ತದೆ. ಅದನ್ನು ಮೇಲೆ ತಂದರೆ ಅರ್ಧ ಉದ್ದ ತಾನಾಗಿ ಇಳಿಯುತ್ತದೆ.

ಮುಂದಿನ ಸಂಚಿಕೆಗೆ ಮಾಹಿತಿ ಹಕ್ಕಿನ ಮೂಲಕ ಒಂದು ಲೀಡ್ ತನ್ನಿ, ಅರ್ಜಿಯನ್ನು ಸೆಮಿಸ್ಟರ್ ಶುರುವಾದ ವಾರವೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ. ಯಾವ ಅವಧಿಯ ಯಾವ ಕಡತ, ಯಾವ ವಹಿಯ ಪ್ರತಿ ಬೇಕು ಎಂದು ಕೇಳಿ.

ಕಲಂ_ಮತ್ತು_ಕಾನೂನು:

ಪೋಕ್ಸೊ ವರದಿಗೆ ಹೆಸರು ಬಿಟ್ಟರೆ ಸಾಲದು. ಆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹಿಡಿಯಲು ನೆರವಾಗುವ ಬೇರಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಸಣ್ಣ ಊರಿನಲ್ಲಿ ‘ಇಂಥ ಗ್ರಾಮದ ಎಂಟನೇ ತರಗತಿ ವಿದ್ಯಾರ್ಥಿನಿ’ ಎಂದರೆ ಹೆಸರು ಹೇಳಿದಂತೆಯೇ. ಆರೋಪಿ ಮನೆಯವನೇ ಆಗಿದ್ದು ನೀವು ಅವನ ಹೆಸರು ಹಾಕಿದರೂ ಮಗುವಿನ ಗುರುತು ಬಯಲಾಗುತ್ತದೆ. ಬರೆದವರ ಜೊತೆಗೆ ಪ್ರಕಾಶಕರೂ ಹೊಣೆ, ಅಂದರೆ ನಿಮ್ಮ ಕಾಲೇಜು. ಬಾಲ ನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಇದೇ ರಕ್ಷಣೆಯನ್ನು ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ (ಅಪರಾಧದ ಆರೋಪ ಹೊತ್ತ) ಮಕ್ಕಳಿಗೂ ಸಾಕ್ಷಿಗಳಾದ ಮಕ್ಕಳಿಗೂ ಕೊಡುತ್ತದೆ. ಅತ್ಯಾಚಾರದಂಥ ಅಪರಾಧಗಳ ವಯಸ್ಕ ಸಂತ್ರಸ್ತೆಯರ ಗುರುತಿನ ವಿಷಯ ಮೊದಲು ಐಪಿಸಿ 228ಎ ಅಡಿ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಬರುತ್ತದೆ. ಹಳೆಯ ನೋಟ್ಸ್ ನೋಡಿ ಸೆಕ್ಷನ್ ಸಂಖ್ಯೆ ಬರೆಯಬೇಡಿ.

ಈ ವರದಿಯನ್ನು ತೆಗೆದು, ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳ ಸುರಕ್ಷತಾ ಸಮಿತಿ ಇದೆಯೇ, ದೂರು ಕೊಡುವ ದಾರಿ ಮಕ್ಕಳಿಗೆ ಗೊತ್ತೇ, ಸಹಾಯವಾಣಿ 1098ರ ಸಂಖ್ಯೆ ಗೋಡೆ ಮೇಲೆ ಇದೆಯೇ ಎಂದು ವರದಿ ಮಾಡಿ. ಒಂದು ಮಗುವನ್ನು ಬಯಲಿಗೆ ತರುವುದಕ್ಕಿಂತ ಇದು ಎಷ್ಟೋ ಒಳ್ಳೆಯ ಪತ್ರಿಕೋದ್ಯಮ.

‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಹಾಕುವ ವಾಡಿಕೆ ಇದೆ, ಹಾಕಿ. ಆದರೆ ಆ ಸಾಲಿನಿಂದ ಈ ಸೆಕ್ಷನ್‌ಗಳಾಗಲಿ ಮಾನಹಾನಿಯಾಗಲಿ ತಪ್ಪುವುದಿಲ್ಲ. ಗೂಗಲ್‌ನಿಂದ ಎತ್ತಿದ ಫೋಟೊ ಬೇಡವೇ ಬೇಡ. ವಿಕಿಮೀಡಿಯ ಕಾಮನ್ಸ್‌ನದ್ದಾದರೆ ಪರವಾನಗಿ ಓದಿ, ತೆಗೆದವರ ಹೆಸರನ್ನು ಅಡಿಬರಹದಲ್ಲಿ ಹಾಕಿ.

ಮೂರನೇ_ಸೆಮ್:

ಎಲ್ಲರಿಗೂ ಧನ್ಯವಾದ ಸರ್, ಮೇಡಂ. ಕಂಪೋಸರ್ ಬದಲಿಸಿದ ಕೂಡಲೇ ಒತ್ತು ಸರಿಯಾಯಿತು. ಪೋಕ್ಸೊ ವರದಿ ತೆಗೆಯುತ್ತೇವೆ. ಇನ್ನೆರಡು ಪ್ರಶ್ನೆ: ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಡಿಸೈನ್ ಇಲ್ಲ, ಸ್ಕ್ರೈಬಸ್ ನಡೆಯುತ್ತದೆಯೇ? ಪ್ರೆಸ್‌ನವರು ‘ಫೈಲ್ ಕೋರಲ್‌ಡ್ರಾದಲ್ಲಿ ತೆರೆಯುತ್ತೇವೆ’ ಎನ್ನುತ್ತಿದ್ದಾರೆ, ಸರಿಯೇ?

ಅಚ್ಚುಮೊಳೆ:

ಸ್ಕ್ರೈಬಸ್ 1.6 ಆದರೆ ನಡೆಯುತ್ತದೆ. 1.4ರಲ್ಲಿ ಕನ್ನಡ ಒಡೆಯುತ್ತದೆ. ಇನ್‌ಡಿಸೈನ್ ಮತ್ತು ಸ್ಕ್ರೈಬಸ್ ನಡುವೆ ಫೈಲನ್ನು ಹಾಗೇ ಅತ್ತಿಂದಿತ್ತ ಒಯ್ಯಲಾಗದು, ಆದ್ದರಿಂದ ನಾಲ್ಕೂ ಪುಟವನ್ನು ಒಂದರಲ್ಲೇ ಕಟ್ಟಿ.

ಕೋರಲ್‌ನಲ್ಲಿ ಪಿಡಿಎಫ್ ತೆರೆಯುವುದು ಅಪಾಯ. ಅದು ಪಠ್ಯವನ್ನು ಬಿಚ್ಚಿ ತನ್ನ ಫಾಂಟ್‌ನಲ್ಲಿ ಮತ್ತೆ ಜೋಡಿಸಲು ಹೊರಟರೆ ಒತ್ತಕ್ಷರ ಚದುರುತ್ತದೆ, ಪ್ಲೇಟ್ (ಮುದ್ರಣದ ಲೋಹದ ಹಾಳೆ) ಆದ ಮೇಲೆ ಗೊತ್ತಾದರೆ ಖರ್ಚು ನಿಮ್ಮ ಮೇಲೆ. ಪಿಡಿಎಫ್‌ನಿಂದಲೇ ನೇರವಾಗಿ ಪ್ಲೇಟ್ ತೆಗೆಯಲು ಕೇಳಿ. ಒಪ್ಪದಿದ್ದರೆ ಆಕ್ರೊಬ್ಯಾಟ್ ಪ್ರೊನ ಪ್ರೀಫ್ಲೈಟ್‌ನಲ್ಲಿ ಫಾಂಟ್‌ಗಳನ್ನು ಔಟ್‌ಲೈನ್ (ಬರೀ ಆಕಾರ) ಆಗಿಸುವ ಫಿಕ್ಸಪ್ ಓಡಿಸಿ ಆ ಪ್ರತಿ ಕೊಡಿ. ಔಟ್‌ಲೈನ್ ಆದ ಮೇಲೆ ಒಂದಕ್ಷರವನ್ನೂ ತಿದ್ದಲಾಗದು, ಮೂಲ ಫೈಲ್ ಜೋಪಾನ.

ಪ್ಲೇಟ್_ಮತ್ತು_ಶಾಯಿ:

ಮುದ್ರಣದ ಕಡೆಯಿಂದ ನಾಲ್ಕು ಮಾತು. ಕಲರ್ ಹಂಚಿಕೆ ಸರಿಯಾಗಿದೆ: ಎ2 ಹಾಳೆಯ ಒಂದು ಮೈಗೆ 4 ಮತ್ತು 1, ಇನ್ನೊಂದು ಮೈಗೆ 2 ಮತ್ತು 3 ಬರುತ್ತವೆ, ಆದ್ದರಿಂದ ಶಾಯಿಗೊಂದರಂತೆ ನಾಲ್ಕು ಪ್ಲೇಟ್ ಒಂದು ಮೈಗೆ, ಒಂದು ಪ್ಲೇಟ್ ಇನ್ನೊಂದಕ್ಕೆ ಸಾಕು. ನೀವು ಮಾತ್ರ ಪುಟಗಳನ್ನು ಬಿಡಿಬಿಡಿಯಾಗಿ 1, 2, 3, 4 ಕ್ರಮದಲ್ಲೇ ಕೊಡಿ, ಜೋಡಿಸುವುದು ಪ್ರೆಸ್‌ನವರ ಕೆಲಸ. ಅಂಚಿಗೆ ತಾಗುವ ಫೋಟೊ ಅಥವಾ ಪಟ್ಟಿ ಇದ್ದರೆ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆ ಚಾಚಿದ ಭಾಗ) ಬೇಕು.

ಬಾಡಿ ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ವರ್ಡ್‌ನಿಂದ ಬಂದ ಕಪ್ಪು ಕೆಲವೊಮ್ಮೆ ಪರದೆಯ ಬಣ್ಣದ ಕಪ್ಪಾಗಿರುತ್ತದೆ, ಮುದ್ರಣಕ್ಕೆ ಬದಲಾದಾಗ ನಾಲ್ಕೂ ಶಾಯಿಯ ಮಿಶ್ರಣವಾಗುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಒತ್ತಕ್ಷರಗಳು ಮಸುಕಾಗಿ ಮುಚ್ಚಿಕೊಳ್ಳುತ್ತವೆ. ಇನ್‌ಡಿಸೈನ್‌ನ ಸೆಪರೇಷನ್ಸ್ ಪ್ರಿವ್ಯೂ ತೆರೆದು ಕಪ್ಪನ್ನು ಮರೆಮಾಡಿ ನೋಡಿ. ಅಕ್ಷರಗಳೆಲ್ಲ ಮಾಯವಾದರೆ ಸರಿ, ಇನ್ನೂ ಕಾಣುತ್ತಿದ್ದರೆ ಆ ಪ್ಯಾರಾದ ಬಣ್ಣ ಬದಲಿಸಿ. ಒಳಪುಟದ ಫೋಟೊಗಳನ್ನು ನೀವೇ ಗ್ರೇಸ್ಕೇಲ್‌ಗೆ ತಂದು ನೆರಳಿನ ಭಾಗವನ್ನು ತುಸು ತಿಳಿಯಾಗಿಸಿ, ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಇನ್ನೂ ಕಪ್ಪಾಗಿಸುತ್ತದೆ.

ಫೋಟೊ ಅಳತೆ: ಎರಡು ಕಾಲಂ ಎಂದರೆ 134 ಮಿ.ಮೀ. ನ್ಯೂಸ್‌ಪ್ರಿಂಟ್‌ಗೆ ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ 1055 ಪಿಕ್ಸೆಲ್ ಅಗಲ ಸಾಕು, ಆರ್ಟ್ ಪೇಪರ್‌ಗೆ 300ರಂತೆ 1583 ಬೇಕು. ವಾಟ್ಸ್‌ಆ್ಯಪ್ ಮಾಮೂಲಿ ಫೋಟೊದ ಉದ್ದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸಿ, ಮೇಲಾಗಿ ಫೈಲನ್ನು ಕುಗ್ಗಿಸುತ್ತದೆ. ಅಡ್ಡ ಫೋಟೊ ಎರಡು ಕಾಲಂಗೆ ಹೇಗೋ ನಡೆಯಬಹುದು, ಕತ್ತರಿಸಿದರೆ ಅಥವಾ ಮೂರು ಕಾಲಂಗೆ ಹಿಗ್ಗಿಸಿದರೆ ಚೌಕಚೌಕವಾಗಿ ಒಡೆಯಬಹುದು. ತೆಗೆದವರಿಂದ ‘ಡಾಕ್ಯುಮೆಂಟ್’ ಆಗಿ ಮತ್ತೆ ಕಳುಹಿಸಿಕೊಳ್ಳಿ, ಆಗ ಮೂಲ ಫೈಲೇ ಬರುತ್ತದೆ.

ಪ್ಲೇಟ್‌ಗೆ ಹೋಗುವ ಮುನ್ನ ಎ3 ಪ್ರಿಂಟ್ ತೆಗೆದು, ಆ ಪುಟ ಕಟ್ಟದ ಇಬ್ಬರಿಂದ ಓದಿಸಿ: ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ‘ಅಂತಿಮ’ ಕಾಪಿ ಹಿಡಿದು ಹೋಲಿಸಲಿ. ಬಾಡಿಯಲ್ಲಿ ಕಣ್ಣು ತಪ್ಪು ಹುಡುಕುತ್ತಿರುತ್ತದೆ, ಶೀರ್ಷಿಕೆ, ಅಡಿಬರಹ, ದಿನಾಂಕ, ಸಂಚಿಕೆ ಸಂಖ್ಯೆಯಲ್ಲಿ ಹುಡುಕುವುದಿಲ್ಲ. ಅವನ್ನು ಬೇರೆಯಾಗಿ ಒಂದು ಸುತ್ತು ನೋಡಿ. ತಿದ್ದಿದ ಮೇಲೆ ತಿದ್ದಿದ ಪುಟವನ್ನಷ್ಟೇ ಅಲ್ಲ, ನಾಲ್ಕನ್ನೂ ಮತ್ತೆ ಪಿಡಿಎಫ್ ಮಾಡಿ ಕೊಡಿ, ಪ್ರೆಸ್‌ನಲ್ಲಿ ಹಳೆಯದು ಹೊಸದು ಬೆರೆಯುವುದು ತಪ್ಪುತ್ತದೆ.