ಪತ್ರಾಗಾರದಲ್ಲಿ ಕೇಳಿದ ಕಡತ ‘ಲಭ್ಯವಿಲ್ಲ’ ಅಂದರೆ ದೂರು ಯಾರಿಗೆ, ಹೇಗೆ ಬರೆಯಬೇಕು?

ಹಳೇಕಾಗದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪತ್ರಾಗಾರದ ಓದುಕೋಣೆಯಲ್ಲಿ ಸೂಚಿ ನೋಡಿ ಐದು ಕಡತಕ್ಕೆ ಬೇಡಿಕೆ ಚೀಟಿ ಕೊಟ್ಟರೆ ಬರುವುದು ಎರಡು. ಉಳಿದ ಚೀಟಿಗಳು ‘ಲಭ್ಯವಿಲ್ಲ’, ‘ಜೀರ್ಣ’, ‘ಎನ್.ಟಿ.’ ಎಂದು ಬರೆಸಿಕೊಂಡು ವಾಪಸ್ ಬರುತ್ತವೆ. ಬಾಗಿಲ ಬಳಿ ಇಟ್ಟಿರುವ ಅಭಿಪ್ರಾಯ ಪುಸ್ತಕದಲ್ಲಿ ಬರೆದರೆ ಅದನ್ನು ಯಾರಾದರೂ ಓದುತ್ತಾರೆಯೇ? ಲಿಖಿತ ದೂರನ್ನೇ ಕೊಡಬೇಕೆಂದರೆ ಅದರಲ್ಲಿ ಏನೇನು ಇರಬೇಕು? ಒಳಗೆ ಅದು ಯಾವ ದಾರಿ ಹಿಡಿಯುತ್ತದೆ? ಆ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ರುಮಾಲುಕಟ್ಟು

ಮೊದಲನೆಯದಾಗಿ, ವಾಪಸ್ ಬಂದ ಚೀಟಿಗಳನ್ನು ಎಸೆಯಬೇಡಿ. ಕೊಠಡಿಯವರು ಚೀಟಿಯನ್ನು ಇಟ್ಟುಕೊಳ್ಳುವ ಪದ್ಧತಿ ಇದ್ದರೆ ಅದರ ಸಂಖ್ಯೆ, ದಿನಾಂಕ, ಮೇಲೆ ಬರೆದ ಷರಾ, ಇವಿಷ್ಟನ್ನು ಗುರುತು ಹಾಕಿಕೊಳ್ಳಿ. ನೀವು ಹೇಳಿದ ಮೂರು ಷರಾಗಳಿಗೂ ಮೂರು ಬೇರೆ ಅರ್ಥ ಇದೆ, ಮೂರನ್ನೂ ಒಂದೇ ದೂರಿನಲ್ಲಿ ಸೇರಿಸಿದರೆ ಒಂದಕ್ಕೂ ಸರಿಯಾದ ಉತ್ತರ ಬರುವುದಿಲ್ಲ.

‘ಎನ್.ಟಿ.’ ಎಂದರೆ ‘ನಾಟ್ ಟ್ರಾನ್ಸ್‌ಫರ್ಡ್’. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ಇದನ್ನು ಹೆಚ್ಚು ಕಾಣುತ್ತೀರಿ. ಒಂದು ಇಲಾಖೆ ಆ ವರ್ಷ ತೆರೆದ ಎಲ್ಲ ಕಡತಗಳ ಹೆಸರೂ ಹಳೆಯ ಸೂಚಿಯಲ್ಲಿ ಇರುತ್ತದೆ, ಆದರೆ ಇಲಾಖೆ ಕಳಿಸಿಕೊಟ್ಟದ್ದು ಅದರಲ್ಲಿ ಕೆಲವನ್ನು ಮಾತ್ರ. ಅಂದರೆ ಆ ಕಡತ ಪತ್ರಾಗಾರದ ಕಪಾಟಿಗೆ ಬಂದೇ ಇಲ್ಲ, ಓದುಕೋಣೆಯವರನ್ನು ಕೇಳಿ ಪ್ರಯೋಜನವಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ 5ನೇ ಕಲಂ ಪ್ರಕಾರ ಕೇಂದ್ರದ ಪ್ರತಿ ದಾಖಲೆ ಸೃಷ್ಟಿಸುವ ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು. ಪತ್ರ ಹೋಗಬೇಕಾದದ್ದು ಮೂಲ ಇಲಾಖೆಯ ಆ ಅಧಿಕಾರಿಗೆ.

‘ಜೀರ್ಣ’ ಎಂದರೆ ಕಡತ ಇದೆ, ಸಿಕ್ಕಿದೆ, ಆದರೆ ಹಾಳೆ ತಿರುವಿದರೆ ಮುರಿಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಬಂತು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಕಬ್ಬಿಣದ ಅಂಶವಿರುವ ಹಳೆಯ ಶಾಯಿಯಲ್ಲಿ ಬರೆದಿದ್ದರೆ ದಪ್ಪ ಗೆರೆ ಇರುವಲ್ಲೇ ಕಾಗದ ಸೀಳಿ ಅಕ್ಷರದ ಆಕಾರದಲ್ಲಿ ತೂತು ಬೀಳುತ್ತದೆ. ಇಂಥ ಕಡತವನ್ನು ‘ಕೊಡಲೇಬೇಕು’ ಎಂದು ಒತ್ತಾಯಿಸಿ ಬರೆದ ದೂರು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕೇಳಬೇಕಾದದ್ದು ಬೇರೆ: ಇದರ ಮೈಕ್ರೋಫಿಲ್ಮ್ ಅಥವಾ ಸ್ಕ್ಯಾನ್ ಪ್ರತಿ ಇದೆಯೇ? ಇಲ್ಲದಿದ್ದರೆ ದುರಸ್ತಿ ಪಟ್ಟಿಗೆ ಸೇರಿಸಿದ್ದೀರಾ, ಯಾವ ದಿನಾಂಕದಂದು? ಬೇಕಾದ ಪುಟ ಗೊತ್ತಿದ್ದರೆ ಅದನ್ನೂ ನಮೂದಿಸಿ. ದುರಸ್ತಿ ಎಂದರೆ ಹೊಲಿಗೆ ಬಿಚ್ಚಿ, ಪುಟಸಂಖ್ಯೆ ಹಾಕಿ, ಶಾಯಿ ನೀರಿಗೆ ಕರಗುತ್ತದೆಯೇ ಎಂದು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಆಮ್ಲ ತೆಗೆದು, ತೆಳು ಟಿಶ್ಯೂ ಅಂಟಿಸಿ, ಒತ್ತಿನಲ್ಲಿ ಒಣಗಿಸಿ, ಮತ್ತೆ ಹೊಲಿಯುವ ಕೆಲಸ. ಎಲ್ಲವೂ ಒಂದೊಂದೇ ಹಾಳೆ. ಇನ್ನೂರು ಹಾಳೆಯ ಕಡತ ವಾರದಲ್ಲಿ ಮುಗಿಯುವುದಿಲ್ಲ, ನಾಲ್ಕು ಪುಟ ಮುಗಿಯಬಹುದು.

‘ಲಭ್ಯವಿಲ್ಲ’ ಎನ್ನುವುದೇ ಎಲ್ಲಕ್ಕಿಂತ ಕೆಟ್ಟ ಷರಾ, ಏಕೆಂದರೆ ಅದು ಏನನ್ನೂ ಹೇಳುವುದಿಲ್ಲ. ಬೇರೆ ಓದುಗರ ಮೇಜಿನ ಮೇಲಿರಬಹುದು, ಸ್ಕ್ಯಾನಿಂಗಿಗೆ ಹೋಗಿರಬಹುದು, ತಪ್ಪು ಕಟ್ಟಿನಲ್ಲಿ ಸೇರಿರಬಹುದು, ನಿಜವಾಗಿ ಕಳೆದೂ ಇರಬಹುದು. ಕಪಾಟಿನಿಂದ ಕಡತ ತೆಗೆದಾಗ ಆ ಜಾಗದಲ್ಲಿ ಗುರುತು ಚೀಟಿ ಇಡಬೇಕು. ಅದು ಇದ್ದರೆ ಮೊದಲ ಎರಡರಲ್ಲಿ ಒಂದು. ಇಲ್ಲದಿದ್ದರೆ ಹಿಂದಿನ, ಮುಂದಿನ ಕಟ್ಟುಗಳನ್ನೂ ಬಿಚ್ಚಿ ಹುಡುಕಬೇಕು. ಅಂಕಿ ತಪ್ಪಿರುವ ಸಾಧ್ಯತೆಯನ್ನೂ ಮರೆಯಬೇಡಿ. ಕೈಬರಹದ ಸೂಚಿಯಲ್ಲಿ 1 ಮತ್ತು 7, 3 ಮತ್ತು 8 ಅದಲುಬದಲಾಗುತ್ತವೆ, ಕನ್ನಡ ಅಂಕಿಯಾದರೆ ೬ ಮತ್ತು ೯.

ಹಾಗಾಗಿ ದೂರಿನ ಸಾಲು ಹೀಗಿರಲಿ: ‘ಇಂಥ ದಿನಾಂಕದಂದು, ಇಂಥ ಸಂಖ್ಯೆಯ ಚೀಟಿಯಲ್ಲಿ, ಇಂಥ ಇಲಾಖೆಯ, ಇಂಥ ವರ್ಷದ, ಇಂಥ ಸಂಖ್ಯೆಯ ಕಡತ ಕೋರಿದ್ದೆ. ಸೂಚಿಯ ಇಂಥ ಪುಟದಲ್ಲಿ ಇದರ ನಮೂದಿದೆ. ಕಪಾಟಿನಲ್ಲಿ ಗುರುತು ಚೀಟಿ ಇದೆಯೇ, ಅಕ್ಕಪಕ್ಕದ ಕಟ್ಟುಗಳನ್ನು ಪರಿಶೀಲಿಸಲಾಗಿದೆಯೇ ಎಂಬ ಬಗ್ಗೆ ಹಿಂಬರಹ ನೀಡಲು ಕೋರುತ್ತೇನೆ.’ ಹಿಂಬರಹ ಎಂದರೆ ಕಚೇರಿ ಕೊಡುವ ಲಿಖಿತ ಉತ್ತರ. ಒಂದು ಕಡತಕ್ಕೆ ಒಂದು ಹಾಳೆ. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ಕ್ರಮಸಂಖ್ಯೆ) ಹಾಕಿಸಿಕೊಳ್ಳಿ.

ಅಭಿಪ್ರಾಯ ಪುಸ್ತಕದ ಬರಹಕ್ಕೆ ಆ ಆವಕ ಸಂಖ್ಯೆ ಬೀಳುವುದಿಲ್ಲ, ಆದ್ದರಿಂದ ಯಾವ ವಿಷಯ ನಿರ್ವಾಹಕರ (ಪತ್ರದ ಮೇಲೆ ಕ್ರಮ ನಡೆಸುವ ಗುಮಾಸ್ತರ) ಮೇಜಿಗೂ ಅದು ಹೋಗುವುದಿಲ್ಲ. ದೀಪ, ಕುರ್ಚಿ, ಕುಡಿಯುವ ನೀರು, ಶೌಚಾಲಯ ಇಂಥವಕ್ಕೆ ಪುಸ್ತಕ ಸಾಕು. ಕಡತದ ವಿಷಯಕ್ಕೆ ಸಾಲದು.

ಗಡಿಜಿಲ್ಲೆ

ಮೇಲಿನದಕ್ಕೆ ಒಂದು ಸೇರ್ಪಡೆ. ನಮ್ಮಲ್ಲಿ ‘ಲಭ್ಯವಿಲ್ಲ’ ಎಂಬ ಉತ್ತರಕ್ಕೆ ಇನ್ನೊಂದು ಕಾರಣ 1956ರ ಏಕೀಕರಣ. ಊರು ಕರ್ನಾಟಕದ್ದಾದರೂ ಅದರ ಹಳೆಯ ಕಾಗದ ಬೆಂಗಳೂರಿನಲ್ಲಿ ಇರಬೇಕೆಂದಿಲ್ಲ. ದಕ್ಷಿಣ ಕನ್ನಡದ್ದು ಮದ್ರಾಸ್ ಪ್ರಾಂತ್ಯದ ಆಡಳಿತ, ಆದ್ದರಿಂದ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ನೋಡಬೇಕು. ಬಳ್ಳಾರಿಯೂ 1953ರವರೆಗೆ ಮದ್ರಾಸಿನ ಕಡೆಗೇ. ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಮುಂಬಯಿ, ಪೇಶ್ವೆಗಳ ಕಾಲದ್ದಾದರೆ ಪುಣೆಯ ದಫ್ತರ. ಅಲ್ಲಿ ಕಾಗದ ರುಮಾಲುಗಳಲ್ಲಿ, ಅಂದರೆ ಬಟ್ಟೆಯ ಕಟ್ಟುಗಳಲ್ಲಿ, ಬಹುಪಾಲು ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿ ಇರುತ್ತದೆ. ಬೀದರ್, ಕಲಬುರಗಿ, ರಾಯಚೂರಿಗೆ ಹೈದರಾಬಾದ್.

ಉತ್ತರ ಕನ್ನಡದ ವಿಷಯದಲ್ಲಿ ಎಡವುವವರು ಬಹಳ. ಆ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1850ರ ಕಾರವಾರದ ಕಂದಾಯದ ಪ್ರಾಂತ್ಯಮಟ್ಟದ ಪತ್ರವ್ಯವಹಾರವನ್ನು ಮುಂಬಯಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೈಸೂರು ಸಂಸ್ಥಾನದ ಒಳಗೂ ಹೀಗೆಯೇ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ, ಆಮೇಲೆ ದಿವಾನರದ್ದು. ಕಡತದ ಸರಣಿಯೇ ಬೇರೆಯಾಗುತ್ತದೆ. ದೂರು ಬರೆಯುವ ಮುಂಚೆ ಆ ವರ್ಷ ಆ ಊರನ್ನು ಆಳುತ್ತಿದ್ದವರು ಯಾರು ಎಂದು ನೋಡಿಕೊಂಡರೆ ಅರ್ಧ ದೂರು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಹಳೇಕಾಗದ

ತುಂಬಾ ಉಪಕಾರವಾಯಿತು. ಆವಕ ಸಂಖ್ಯೆ ಸಿಕ್ಕಿಯೂ ತಿಂಗಳುಗಟ್ಟಲೆ ಹಿಂಬರಹ ಬರದಿದ್ದರೆ? ನೇರವಾಗಿ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕಬಹುದೇ? ದೂರು ಕೊಟ್ಟರೆ ಓದುಕೋಣೆಯ ಸಿಬ್ಬಂದಿಗೆ ಬೇಸರವಾಗುತ್ತದೆ ಎಂಬ ಅಂಜಿಕೆಯೂ ಇದೆ.

ಮೇಲ್ಮನವಿ

ಕೇಂದ್ರದ ಸಂಸ್ಥೆಯಾದರೆ ಆರ್‌ಟಿಐಗೆ ಮುಂಚೆ ಕೇಂದ್ರ ಸರ್ಕಾರದ ಆನ್‌ಲೈನ್ ದೂರು ಪೋರ್ಟಲ್ ಸಿಪಿಗ್ರಾಮ್ಸ್ ಇದೆ. ರಾಷ್ಟ್ರೀಯ ಅಭಿಲೇಖಾಗಾರ ಸಂಸ್ಕೃತಿ ಸಚಿವಾಲಯದ ಅಡಿ ಬರುತ್ತದೆ, ಸಚಿವಾಲಯ ಆರಿಸುವಾಗ ತಪ್ಪಿದರೆ ದೂರು ಅಲ್ಲಿ ಇಲ್ಲಿ ಸುತ್ತುತ್ತದೆ. 2024ರ ಆಗಸ್ಟಿನ ಆದೇಶದ ಪ್ರಕಾರ ವಿಲೇವಾರಿಗೆ 21 ದಿನ. ಅಲ್ಲಿ ‘ಸಲಹೆ’ಯನ್ನು ದೂರೆಂದು ಪರಿಗಣಿಸುವುದಿಲ್ಲ. ‘ಓದುಕೋಣೆ ಹೆಚ್ಚು ಹೊತ್ತು ತೆರೆದಿದ್ದರೆ ಒಳ್ಳೆಯದು’ ಎಂದರೆ ಮುಚ್ಚಿಬಿಡುತ್ತಾರೆ. ‘ಪ್ರಕಟಿಸಿದ ವೇಳೆಯಲ್ಲಿ ಇಂಥ ದಿನ ಕೋಣೆ ತೆರೆದಿರಲಿಲ್ಲ’ ಎಂದರೆ ಅದು ದೂರು. ಸಮರ್ಪಕ ಉತ್ತರವಿಲ್ಲದೆ ಮುಚ್ಚಿದರೆ ಕೊನೆಯಲ್ಲಿ ಕೇಳುವ ಅಭಿಪ್ರಾಯದಲ್ಲಿ ‘ಪೂರ್’ ಎಂದು ಗುರುತಿಸಿ, ಆಗ ಮೇಲ್ಮನವಿಯ ದಾರಿ ತೆರೆಯುತ್ತದೆ. ಕರ್ನಾಟಕ ಸರ್ಕಾರದ ಕಚೇರಿಯಾದರೆ ರಾಜ್ಯದ ದೂರು ವ್ಯವಸ್ಥೆ ಜನಸ್ಪಂದನ, ಸಹಾಯವಾಣಿ 1902.

ಆರ್‌ಟಿಐ ದೂರು ಪೆಟ್ಟಿಗೆಯಲ್ಲ, ದಾಖಲೆ ಕೇಳುವ ದಾರಿ. ‘ಕಡತ ಏಕೆ ಕೊಡಲಿಲ್ಲ?’ ಎಂದು ಕೇಳಬೇಡಿ, ಕಾರಣ ಸೃಷ್ಟಿಸಿ ಹೇಳುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲ. ಹೀಗೆ ಕೇಳಿ: ‘ಇಂಥ ಆವಕ ಸಂಖ್ಯೆಯ ನನ್ನ ಪತ್ರದ ಮೇಲಿನ ಟಿಪ್ಪಣಿ ಹಾಳೆಗಳ ಪ್ರತಿ; ಈ ಕಡತದ ಕುರಿತು ಕಡತ ಚಲನೆ ವಹಿಯಲ್ಲಿರುವ ನಮೂದುಗಳ ಪ್ರತಿ.’ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಕೇಂದ್ರದಲ್ಲಿ 500. ಉತ್ತರ ಬರದಿದ್ದರೆ ಅಥವಾ ಬಂದದ್ದು ಸರಿಯಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದ ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

‘ಕಡತ ನಾಪತ್ತೆ’ ಎಂಬ ಒಂದೇ ಸಾಲಿಗೆ ಸುಮ್ಮನಾಗಬೇಡಿ. ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿಗಳಲ್ಲಿ ‘ನಾಪತ್ತೆ’ ಎಂಬುದಿಲ್ಲ. ಒಮ್ಮೆ ಕಚೇರಿಯಲ್ಲಿದ್ದ ಮಾಹಿತಿ ಸಿಗುತ್ತಿಲ್ಲವೆಂದರೆ ಸರಿಯಾಗಿ ಹುಡುಕಿಸಬೇಕು, ಆಗಲೂ ಸಿಗದಿದ್ದರೆ ಹೊಣೆ ಯಾರದೆಂದು ವಿಚಾರಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಇನ್ನು 1892ಕ್ಕಿಂತ ಹಿಂದಿನ ಕೇಂದ್ರದ ದಾಖಲೆಯನ್ನು ‘ನಾಶಪಡಿಸಲಾಗಿದೆ’ ಎಂದರೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ 8ನೇ ಕಲಂ ಉಲ್ಲೇಖಿಸಿ. ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದೆ ಎಂದು ರಾಷ್ಟ್ರೀಯ ಅಭಿಲೇಖಾಗಾರದ ಮಹಾನಿರ್ದೇಶಕರು ಅಥವಾ ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು ಅದನ್ನು ನಾಶ ಮಾಡುವಂತಿಲ್ಲ. ಆ ಅಭಿಪ್ರಾಯದ ಪ್ರತಿಯನ್ನೇ ಕೇಳಿ.

ರುಮಾಲುಕಟ್ಟು

ಸಿಬ್ಬಂದಿಯ ಬೇಸರದ ಬಗ್ಗೆ: ಚೀಟಿ ಹಿಡಿದು ಮೊದಲು ಕೋಣೆಯ ಮೇಲ್ವಿಚಾರಕರ ಬಳಿ ಹೋಗಿ, ‘ಅಕ್ಕಪಕ್ಕದ ಕಟ್ಟು ಒಮ್ಮೆ ನೋಡಿಸುವಿರಾ, ನಾಳೆ ಬರುತ್ತೇನೆ’ ಎಂದು ಕೇಳಿ. ಊಟದ ಹೊತ್ತು, ಕೊನೆಯ ಅರ್ಧ ಗಂಟೆ ಬೇಡ. ಲಿಖಿತ ದೂರಿನಲ್ಲಿ ಕಡತದ ಸಂಖ್ಯೆ ಇರಲಿ, ಕಪಾಟಿಗೆ ಹೋಗಿ ಬಂದ ಅಟೆಂಡರ್ ಹೆಸರು ಬೇಡ. ದಾಸ್ತಾನು ಕೋಣೆಯಲ್ಲಿ ಕಟ್ಟು ಇಳಿಸುವವರು ಎರಡೇ ಜನ ಇದ್ದರೆ ಅದು ಅವರ ತಪ್ಪಲ್ಲ, ಅದನ್ನು ಮುಖ್ಯಸ್ಥರಿಗೆ ಬರೆದರೆ ಹೆಚ್ಚುವರಿ ಹುದ್ದೆ ಕೇಳುವ ಪ್ರಸ್ತಾವಕ್ಕೆ ಆಧಾರವಾಗುತ್ತದೆ.

ಕಡತ ಸಿಕ್ಕಿದ ಮೇಲೆ ಅದೇ ಆವಕ ಸಂಖ್ಯೆ ಉಲ್ಲೇಖಿಸಿ ಎರಡು ಸಾಲು ಬರೆದುಕೊಡಿ: ಯಾವ ಕಟ್ಟಿನಲ್ಲಿ ಸಿಕ್ಕಿತು, ಸೂಚಿಯ ಯಾವ ಪುಟದ ಯಾವ ಅಂಕಿ ತಿದ್ದಬೇಕು. ಆ ತಿದ್ದುಪಡಿ ಸೂಚಿಗೆ ಏರದಿದ್ದರೆ ಮುಂದಿನ ಓದುಗರ ಚೀಟಿಯೂ ‘ಲಭ್ಯವಿಲ್ಲ’ ಎಂದೇ ವಾಪಸ್ ಬರುತ್ತದೆ.